ಸ್ಟೇಜಿಗೆ ಹೋದ ಜರಿಗಿಡ

೧೨ ಮೇ ೨೦೨೪, ಭಾನುವಾರ. ಗುಂಡ್ಲುಪೇಟೆ.

ಹಿತ್ತಲಿಗೆ ಹೋಗೋಕೆ ಇನ್ನೂ ಮನಸ್ಸು ಬರ್ತಿಲ್ಲ. ಇವತ್ತು ಮೈದುನನ ಮಗಳು ನಯನಾಳ ನಿಶ್ಚಿತಾರ್ಥ. ಬೆಳಿಗ್ಗೆ ನಾನು ಹೂವು ತರೋಕೆ ಮಾರ್ಕೆಟ್ಟಿಗೆ ಹೋಗಿದ್ದಾಗ ಸ್ಟೇಜ್ ಕಟ್ಟೋರು ಬಂದು, ಹಲಸಿನ ಮರದ ನೆರಳಲ್ಲಿದ್ದ ನನ್ನ ಜರಿಗಿಡಗಳನ್ನೆಲ್ಲ ಬುಡಸಮೇತ ಕುಯ್ದು ಒಯ್ದಿದ್ದಾರೆ. ಕುಯ್ಕೊಳ್ಳಿ ಅಂದವರು ನಮ್ಮ ಯಜಮಾನರೇ.

"ಹೂವಿಲ್ಲ, ಕಾಯಿಲ್ಲ, ಬರೀ ಸೊಪ್ಪು ಕಣೆ. ಮತ್ತೆ ಚಿಗುರ್ತದೆ ಬುಡು," ಅಂದ್ರು.

ಚಿಗುರಲ್ಲ. ಸುರುಳಿ ಸುತ್ತಿಕೊಂಡಿದ್ದ ಎಳೇ ಕುಡಿಗಳೂ, ಬುಡದ ಗೆಡ್ಡೆಗಳೂ ಹೋಗಿವೆ. ಉಡಿಗಾಲದ ತವರುಮನೆ ಬಾವಿಯ ಗೋಡೆಯಿಂದ ಅಮ್ಮ ಕಿತ್ತುಕೊಟ್ಟಿದ್ದ ಗಿಡ ಅದು. ಈಗ ಆ ಬಾವಿ ಮುಚ್ಚಿದ್ದಾರೆ, ಅಮ್ಮನೂ ಇಲ್ಲ. ಒಂಬತ್ತು ಬೇಸಿಗೆ ಒದ್ದೆ ಗೋಣಿತಾಟು ಹಾಸಿ ಉಳಿಸಿಕೊಂಡಿದ್ದೆ.

ಛತ್ರದಲ್ಲಿ ಗಂಡಿನ ಕಡೆಯವರು ಸ್ಟೇಜ್ ಚೆನ್ನಾಗಿದೆ ಅಂದಾಗ, "ಎಲ್ಲಾ ನಮ್ಮನೇದೇ" ಅಂತ ಇವರು ಬೀಗಿದ್ರು. ಓರಗಿತ್ತಿ ನನ್ನನ್ನೂ ಎಳ್ಕೊಂಡು ಹೋಗಿ ಫೋಟೋಕ್ಕೆ ನಿಲ್ಲಿಸಿದಳು. ಆಗಲೇ ಬಾಡಿದ್ದ ಎಲೆಗಳು ಬೆನ್ನಿಗೆ ತಾಗ್ತಿದ್ವು.

"ಬೇಜಾರಾಯ್ತಾ ಅಕ್ಕ?" ಅಂದಳು. ಕೇಳಿದ್ದು ಅವಳೊಬ್ಬಳೇ.

"ಏನಿಲ್ಲ ಕಣಮ್ಮಿ," ಅಂದು ನಕ್ಕೆ.

ಇವರ ಮೇಲಿನ ಸಿಟ್ಟು ನಾಳೆಗೆ ಇಳೀಬಹುದು. ಅಲ್ಲಿ ಹಲ್ಲುಬಿಟ್ಕೊಂಡು ನಿಂತಿದ್ದ ನನ್ನ ಮೇಲಿನ ಸಿಟ್ಟು ಹೆಂಗೆ ಇಳೀತದೋ...