ಮಗುಚದ ತಾಟು

ಮೇ 4, 2025, ಭಾನುವಾರ

ಇವತ್ತಿನ ಪೇಪರಿನಲ್ಲೂ ನನ್ನ ಪತ್ರ ಇಲ್ಲ. ಬಸ್ಸಿಗೆ ಕಾಯುವಲ್ಲಿ ನೆರಳಿಲ್ಲವೆಂದು ಬರೆದದ್ದು. ಪ್ರತಿ ಇಟ್ಟುಕೊಂಡಿದ್ದೇನೆ, ಹಿಂದಿನ ಹದಿನೇಳರ ಜೊತೆಗೆ. ತಾಟು ಒರೆಸಿಟ್ಟು ಹಟ್ಟಿಕೇರಿಯ ಮದುವೆಗೆ ಹೋದೆ.

ಪಂಕ್ತಿ ಕೂತಿತು. ಡಿಜೆಯವನು ನನ್ನ ಮಗಳು ಸಪ್ನಾಳ ಹಾಡು ಹಾಕಿದ. ಈಗ ಎಲ್ಲ ಮದುವೆಯಲ್ಲೂ ಊಟದ ಹೊತ್ತಿಗೆ ಅದೇ ಅಂತೆ. 'ತಾಟಿಟ್ಟೆ ಬಾ, ತಾಟಿಟ್ಟೆ ಬಾ, ಅನ್ನ ಆರೋ ಮೊದ್ಲು ಬಾ...' ಬಡಿಸುವವರು ಅನ್ನದ ಬುಟ್ಟಿ ಹಿಡಿದೇ ಸೊಂಟ ಕುಣಿಸಿದರು. ವರನ ಸೋದರಮಾವ, ನನಗಿಂತ ಹಿರಿಯ, ಸೌಟು ಎತ್ತಿಕೊಂಡು ಎರಡು ಸುತ್ತು ತಿರುಗಿದ. ಸಾಂಬಾರು ಯಾರದೋ ರೇಷ್ಮೆ ಸೀರೆಗೆ.

"ಅಕ್ಕೋರೆ, ಮಗಳ ಹಾಡು. ನೀವೇ ಕೂತ್ರೆ ಹೆಂಗೆ?" ಬಡಿಸುವವನೊಬ್ಬ ಕೇಳಿದ.

"ಸೊಂಟ ಲೈಬ್ರರಿಯಲ್ಲೇ ಬಿಟ್ಟು ಬಂದೆ."

ನಕ್ಕರು. ಪಕ್ಕದಲ್ಲಿದ್ದ ದುರ್ಗಿ ನಗಲಿಲ್ಲ. ನಮ್ಮ ಓಣಿಯವಳೇ, ಅಂಕೋಲೆಯಲ್ಲಿ ಮೀನು ಮಾರುವವಳು. ಉಣ್ಣುವುದನ್ನು ನಿಲ್ಲಿಸಿದ್ದಳು.

"ವೈಜಕ್ಕ, ನೀವು ಈ ಹಾಡು ಸಮಾ ಕೇಳಿದ್ರಿ?"

"ಢೋಲು ಕೇಳ್ತದೆ. ಹಾಡು ಎಲ್ಲಿ ಕೇಳ್ತದೆ?"

"ಒಂದ್ಸಲ ಕೇಳಿ," ಎಂದಳು.

ಮೇ 6, ಬೆಳಿಗ್ಗೆ

ಕೇಳಿದೆ. ಇಯರ್‌ಫೋನ್ ಹಾಕಿಕೊಂಡು, ನಾಲ್ಕು ಸಲ.

ಎರಡನೆಯ ನುಡಿ ಢೋಲಿನ ಕೆಳಗೆ ಹೂತುಹೋಗಿದೆ.

'ತೊಳೆಯೋದಿಲ್ಲ, ಒರೆಸ್ತಾಳೆ
ಬೆಳಗಾದ್ರೆ ಒರೆಸ್ತಾಳೆ
ಆಕಾಶಕ್ಕೆ ಮುಖ ಮಾಡಿ
ಹಾಗೇ ಎತ್ತಿ ಇಡ್ತಾಳೆ'

ಪ್ರತಿ ಸಾಲಿನ ಕೊನೆಯಲ್ಲಿ ದನಿ ಒಂದು ಮೆಟ್ಟಿಲು ಇಳಿಯುತ್ತದೆ. ಕುಣಿಯುವವರು ಸರಿಯಾಗಿ ಅಲ್ಲಿಗೇ ಹೆಜ್ಜೆ ಹಾಕುತ್ತಾರೆ. ಕೊನೆಯ ನುಡಿ ಎಂಬುದಿಲ್ಲ. 'ಬಾ, ಬಾ' ಎನ್ನುತ್ತ ಸಣ್ಣದಾಗುತ್ತ ಹೋಗುತ್ತದೆ, ಅಷ್ಟೆ. ಮೊನ್ನೆ ಟೀವಿಯಲ್ಲಿ ಒಬ್ಬಳು ಇದನ್ನು ಕರಾವಳಿಯ ಸಂಭ್ರಮದ ಹಾಡು ಎಂದಳು. ಇವರಿಗೆ ಕಿವಿ ಕೊಟ್ಟವರು ಯಾರು?

ನಮ್ಮ ಓಣಿಯಲ್ಲಿ ಒಂದು ಕಟ್ಟು ಇದೆ. ಸಮುದ್ರಕ್ಕೆ ಹೋದವನ ತಾಟನ್ನು ಅವನು ಬರುವವರೆಗೆ ಮಗುಚಿಡುವುದಿಲ್ಲ. ತಾಟು ಮಗುಚಿದರೆ ದೋಣಿ ಮಗುಚಿದಂತೆ. 2018ರ ಸೆಪ್ಟೆಂಬರ್ 19ರಂದು ದೋಣಿ ಬಂತು. ಸಪ್ನಾಳ ಅಪ್ಪ ಕುಪ್ಪ ಬರಲಿಲ್ಲ. ಹಿಂದೆ ಬಲೆ ಹತ್ತಿರ ಕೂತಿದ್ದವ ಯಾವಾಗ ಇಲ್ಲವಾದ ಎಂದು ಜೊತೆಯ ನಾಲ್ವರಿಗೂ ಗೊತ್ತಿಲ್ಲ. ಹೆಣ ಸಿಗಲಿಲ್ಲ.

ಮೂವತ್ತೊಂದು ವರ್ಷ ಊರಿಗೆಲ್ಲ ಪುಸ್ತಕ ಕೊಟ್ಟವಳು ನಾನು. ಈ ಕಟ್ಟನ್ನು ನಂಬುತ್ತೇನೆಯೆ? ಇಲ್ಲ. ತಾಟು ಮಗುಚಿದ್ದೇನೆಯೆ? ಇಲ್ಲ. ತೊಳೆದರೆ ನೀರು ಬಸಿಯಲು ಮಗುಚಬೇಕು. ಅದಕ್ಕೇ ಒರೆಸುತ್ತೇನೆ. ಯಾರಿಗೂ ಹೇಳಿದ್ದಿಲ್ಲ. ಸಪ್ನಾ ನೋಡಿದ್ದಾಳೆ.

ಅದೇ ದಿನ, ಮಧ್ಯಾಹ್ನ

ಫೋನ್ ಮಾಡಿದೆ. ಸದಾಶಿವಗಡದಲ್ಲಿ, ಅವಳ ಹಾಡಿಗೆ ಟ್ಯೂನ್ ಮಾಡಿಕೊಡುವ ಆ ಸಂದೇಶನ ಸ್ಟುಡಿಯೋದಲ್ಲಿದ್ದಳು. ಸ್ಟುಡಿಯೋ ಎಂದರೆ ಗೋಡೆಗೆಲ್ಲ ಮೊಟ್ಟೆಯ ಟ್ರೇ ಬಡಿದ ಒಂದು ಕೋಣೆ.

"ನನ್ನ ಅಡುಗೆಮನೆಯನ್ನ ಊರಿಗೆಲ್ಲ ತೋರಿಸ್ದೆ ನೀನು."

"ಯಾರಿಗೂ ಕಂಡಿಲ್ಲಲ್ಲ ಆಯಿ. ಎಲ್ಲ ಕುಣೀತಿದ್ರು."

"ಮತ್ತೆ ಢೋಲು ಎಂತಕ್ಕೆ?"

"ಢೋಲು ಇಲ್ದೆ ಹಾಡುಕೆ ಹೋದೆ. ಒಂದು ಸಾಲು ದಾಟುಕೆ ಆಗ್ಲಿಲ್ಲ."

ಇಟ್ಟುಬಿಟ್ಟೆ.

ಆಗಸ್ಟ್ 1, ಶುಕ್ರವಾರ

ಮೀನುಗಾರಿಕೆ ಮತ್ತೆ ಶುರು. ಮೈದುನ ರೋಷನ ಹೊರಡುವ ಮೊದಲು ಬಂದ. ಚಹಾ ಕುಡಿದ. ಅಂಗಿಯ ಒಳಗಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಾಗದ ತೆಗೆದ.

"ಬರೋ ತಿಂಗಳಿಗೆ ಏಳು ವರ್ಷ ಆಯ್ತದೆ ವೈನಿ. ವಕೀಲರು ಬರ್ಕೊಟ್ಟಿದ್ರು. ನೀವೊಂದು ಸಹಿ ಹಾಕಿದ್ರೆ ಕೋರ್ಟು ಆಯ್ತು ಅಂತ ಹೇಳ್ತದೆ."

"ಎಂತ ಆಯ್ತು ಅಂತ?"

ಅವನು ಲೋಟದೊಳಗೆ ನೋಡಿದ. ಸ್ವಂತ ಅಣ್ಣ. ಅವನ ಬಾಯಲ್ಲೂ ಆ ಶಬ್ದ ಬರಲಿಲ್ಲ.

ಹುಡುಕುವುದನ್ನು ನಿಲ್ಲಿಸಲು ಒಂಬತ್ತು ದಿನ ಸಾಕಾಗಿತ್ತು. ಸತ್ತನೆಂದು ಹೇಳಲು ಕಾನೂನಿಗೆ ಏಳು ವರ್ಷ. ಒಂಬತ್ತನೆಯ ದಿನ, ಸೆಪ್ಟೆಂಬರ್ 28, ಮಧ್ಯಾಹ್ನ ಮೂರೂಕಾಲಿಗೆ, ಕನ್ನಡಕ ಒರೆಸುತ್ತ 'ಇನ್ನು ಪ್ರಯೋಜನ ಇಲ್ಲಮ್ಮಾ' ಎಂದ ಅಧಿಕಾರಿಯ ಮುಖ ನನಗೆ ಇವತ್ತಿಗೂ ಗೊತ್ತು. ಪೇಪರಿನಲ್ಲಿ ನಾಲ್ಕು ಸಾಲು ಬಂತು, ಒಳಪುಟದಲ್ಲಿ. ವಯಸ್ಸು ತಪ್ಪು ಹಾಕಿದ್ದರು. ತಿದ್ದುಪಡಿ ಕೇಳಿ ಬರೆದೆ. ಅದರದೂ ಪ್ರತಿ ಇದೆ.

ಕಾಗದವನ್ನು ನಿಘಂಟಿನೊಳಗೆ ಇಟ್ಟೆ.

ಸೆಪ್ಟೆಂಬರ್ 19, ಶುಕ್ರವಾರ

ಸಪ್ನಾ ಬೆಳಿಗ್ಗೆಯೇ ಬಂದಳು. ಸೊರಗಿದ್ದಾಳೆ. ಹಾಡಿನ ಕಂಪನಿಯವರಿಗೆ ಅಂಥದೇ ಇನ್ನೊಂದು ಬೇಕಂತೆ, ಅದೇ ಢೋಲು, ಅದೇ ಕುಣಿತ. ಸಂದೇಶ ಫೋನಿನಲ್ಲಿ ನನಗೇ ಹೇಳಿದ. "ಆಂಟಿ, ಎಂಥ ಖುಷಿ ಟ್ಯೂನ್ ಕೊಟ್ರೂ ಇವ್ಳ ಕೈಯಲ್ಲಿ ಅದು ಅಳ್ತದೆ. ಐಸ್‌ಕ್ರೀಮಿನ ಜಾಹೀರಾತು ಬರೀ ಅಂದ್ರೆ ಅದ್ರಲ್ಲೂ ಯಾರೋ ಕಾಯ್ತಾ ಕೂತಿದ್ರು."

ನನಗೆ ನಗು ಬಂತು. ಅವಳಿಗೆ ಬರಲಿಲ್ಲ.

"ಹೌದು ಆಯಿ. ಯಾವ ಹಾಡು ಶುರು ಮಾಡಿದ್ರೂ ನಮ್ಮ ಅಡುಗೆಮನೆಗೇ ಬಂದು ನಿಂತ್ಕಳ್ತದೆ. ಹೊರಗೆ ಹೋಗುಕೆ ದಾರಿ ಸಿಕ್ತಿಲ್ಲ. ಮೊದಲಿನ ಹಾಡೇ ಮುಗ್ದಿಲ್ಲಲ್ಲ."

"ಮುಗಿಸು. ಯಾರು ಬೇಡ ಅಂದ್ರು?"

ಎದ್ದಳು. ಶೆಲ್ಫಿನ ತಾಟಿಗೆ ಕೈ ಹಾಕಿದಳು. "ಇವತ್ತು ಇದ್ರಲ್ಲೇ ಉಣ್ತೆ."

ಮಣಿಕಟ್ಟು ಹಿಡಿದೆ. ಹೇಗೆ ಹಿಡಿದೆನೋ... ಬಿಟ್ಟಾಗ ಉಗುರಿನ ಗುರುತು ಇತ್ತು. ಇಪ್ಪತ್ತೇಳು ವರ್ಷದ ಮಗಳು.

ಉಣ್ಣದೆ ಎರಡರ ಬಸ್ಸಿಗೆ ಹೋದಳು. ಮಾಡಿದ ಬಂಗಡೆ ಸಾರನ್ನು ದುರ್ಗಿಗೆ ಕೊಟ್ಟೆ.

ಸೆಪ್ಟೆಂಬರ್ 22

ಫೋನ್ ಇಲ್ಲ. ತಾಟು ಒರೆಸಿದೆ.

ಅಕ್ಟೋಬರ್ 30

ತಾಟು ಒರೆಸಿದೆ. ಓಣಿಯ ಯಾವುದೋ ಮೊಬೈಲಿನಲ್ಲಿ ಅದೇ ಹಾಡು. ಕಿಟಕಿ ಹಾಕಿದೆ. ಸೆಕೆ. ಆದರೂ ತೆರೆಯಲಿಲ್ಲ.

ನವೆಂಬರ್ 16, ಭಾನುವಾರ, ಸಂಜೆ

ಕಾರವಾರದ ಕಡಲತೀರದಲ್ಲಿ ಅವಳ ಕಾರ್ಯಕ್ರಮ. ಪೋಸ್ಟರ್ ನೋಡಿದ ದುರ್ಗಿಯೇ ಎಳೆದುಕೊಂಡು ಹೋದಳು. ನಾಲ್ಕು ಗಂಟೆಯ ಬಿಸಿಲು. ನಾವು ಹಿಂದೆ, ಹೆಂಗಸರ ಸಾಲಿನಲ್ಲಿ.

ಸಪ್ನಾ ಗಿಟಾರ್ ಒಂದನ್ನೇ ಹಿಡಿದು ಬಂದಳು. ಢೋಲು ಇಲ್ಲ. ಎರಡನೆಯ ನುಡಿಯಿಂದಲೇ ಎತ್ತಿದಳು. 'ತೊಳೆಯೋದಿಲ್ಲ, ಒರೆಸ್ತಾಳೆ...' ದುರ್ಗಿ ನನ್ನ ಕೈ ಹಿಡಿದಳು. ಅವಳ ಅಣ್ಣನೂ ಹಾಗೇ ಹೋದವನು. ಮೀನು ಮಾರುವ ಹೆಂಗಸರು ಹತ್ತಿಪ್ಪತ್ತು ಮಂದಿ ಎದ್ದು ನಿಂತರು.

ಮುಂದಿನಿಂದ ಶಿಳ್ಳೆ. "ಬೀಟ್ ಹಾಕ್ರೋ!" "ನಿದ್ದೆ ಬರ್ತದೆ ಮೇಡಂ!" ಇನ್ನೊಂದು ಸಾಲು ಹಾಡಿದಳು. ಶಿಳ್ಳೆ ಹೆಚ್ಚಾಯಿತು. ಸಂದೇಶನ ಕಡೆ ತಿರುಗಿ ತಲೆ ಆಡಿಸಿದಳು. ಅವನು ಢೋಲು ಹಾಕಿದ. ತೀರವಿಡೀ ಕುಣಿಯಿತು. ಇವಳೂ ನಗುತ್ತ ಕುಣಿದಳು. ಆ ನಗುವನ್ನು ನಾನು ಬಲ್ಲೆ. ಏಳು ವರ್ಷ ಯಾರಾದರೂ ಹೇಗಿದ್ದೀರಿ ಎಂದಾಗ ನಾನು ನಕ್ಕ ನಗು.

ಬಸ್ಸಿನಲ್ಲಿ ಜೊತೆಗೇ ಬಂದಳು. ನಾನು ಕರೆದಿರಲಿಲ್ಲ. ದುರ್ಗಿ ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದಳು.

"ಎಷ್ಟು ಕರೆದ್ರೂ ನಿನ್ನ ಬಾಬಾ ಬರುದಿಲ್ಲ ಸಪ್ನಾ," ಎಂದೆ. ಮೊದಲ ಸಲ ಬಾಯಿಬಿಟ್ಟು ಹೇಳಿದ್ದು.

"ಬಾಬಾನ್ನ ಯಾರು ಕರದ್ರು?" ಕಿಟಕಿಯ ಕಡೆ ನೋಡುತ್ತ ಹೇಳಿದಳು. "ಬಾಬಾ ಬರುದಿಲ್ಲ ಅಂತ ನಂಗೆ ಆವತ್ತೇ ಗೊತ್ತಿತ್ತು. ನಾ ಕರದದ್ದು ನಿನ್ನ."

"ನಾನು ಮನೆಯಲ್ಲೇ ಇದ್ನಲ್ಲ."

"ಇದ್ದೆ? ನನ್ನ ಎದುರು ಕೂತು ಉಂಡದ್ದು ಯಾವತ್ತು ಹೇಳು. ನೀ ತಾರೀಖು ಮರೆಯುವವಳಲ್ಲ."

ಹುಡುಕಿದೆ. ಹೆದ್ದಾರಿಗೆ ನಮ್ಮ ಮಾವಿನಮರ ಕಡಿದ ದಿನ ಗೊತ್ತು. ಅಧಿಕಾರಿ ಕನ್ನಡಕ ಒರೆಸಿದ ಗಳಿಗೆ ಗೊತ್ತು. ಹದಿನೆಂಟು ಪತ್ರಗಳ ದಿನಾಂಕ ಗೊತ್ತು. ನಾವು ಇಳಿಯುವ ಅವರ್ಸಾ ಬಂತು. ಇದೊಂದು ತಾರೀಖು ಸಿಗಲಿಲ್ಲ.

ನವೆಂಬರ್ 17, ಸೋಮವಾರ, ಬೆಳಿಗ್ಗೆ 6.40

ಸಪ್ನಾ ಒಳಕೋಣೆಯಲ್ಲಿ ಮಲಗಿದ್ದಾಳೆ. ಗಂಜಿಗೆ ಇಟ್ಟಿದ್ದೇನೆ. ಎರಡು ತಾಟು ಬೇಕು. ಮನೆಯಲ್ಲಿ ತಾಟಿಗೆ ಬರವಿಲ್ಲ, ಮದುವೆಗಳಲ್ಲಿ ಕೊಟ್ಟದ್ದೇ ಡಜನ್ ಇವೆ. ಆದರೂ ಅದನ್ನೇ ಇಳಿಸಿದೆ. ಬಟ್ಟೆ ತೆಗೆದುಕೊಳ್ಳಲಿಲ್ಲ. ನಲ್ಲಿಯ ಕೆಳಗೆ ಹಿಡಿದೆ.

ಅಂಚಿನವರೆಗೆ ನೀರು ತುಂಬಿತು. ತುಳುಕಿತು. ಕಿಟಕಿಯ ಬೆಳಕು ಅದರಲ್ಲಿ ಅಲ್ಲಾಡುತ್ತಿತ್ತು. ಇನ್ನು ಮಾಡಬೇಕಾದ್ದು ಒಂದೇ. ಕೈ ತಿರುಗಲಿಲ್ಲ. ಹಾಗೇ ಬಿಟ್ಟು ಇಲ್ಲಿ ಬಂದು ಬರೆಯುತ್ತ ಕೂತಿದ್ದೇನೆ. ಬರೆಯುವುದು ನನಗೆ ಯಾವಾಗಲೂ ಸುಲಭ.

ನಲ್ಲಿ ಬಂದ್ ಮಾಡಿಲ್ಲ. ಇಲ್ಲಿಗೂ ಕೇಳುತ್ತಿದೆ.

ಸಪ್ನಾ ಎದ್ದ ಸದ್ದು. ಅವಳು ಅಡುಗೆಮನೆಗೆ ಹೋಗುವ ಮೊದಲು ನಾನೇ ಹೋಗಿ ಅದನ್ನು ಮಗುಚಿ...