ಜೋಡಿಗಂಬಳಿಯ ಹೊಲಿಗೆ

ಸಿ.ಎಸ್. ಪುರ, ಗುಬ್ಬಿ ತಾಲ್ಲೂಕು
೧೨-೨-೧೯೬೩, ಮಂಗಳವಾರ

ನಮ್ಮ ಮನೆಯವರಿಗೆ, ನಿಮ್ಮ ನಿಂಗಿ ಕೈಮುಗಿದು ಬರೆಯುವುದು.

ಮೈ ಹೇಗಿದೆ? ಚಳಿಗೆ ಹಿಮ್ಮಡಿ ಒಡೆದಿದೆ ಅಂತ ದಸರೆಗೆ ಮುಂಚಿನ ಕಾಗದದಲ್ಲಿ ಬರೆದಿದ್ದಿರಿ, ವಾಸಿಯಾಯಿತೆ? ಹೊಟ್ಟೆಗೆ ಏನು ಕೊಡುತ್ತಾರೆ? ಮುದ್ದೆ ಉಣ್ಣದೆ ನಿಮಗೆ ನಿದ್ದೆ ಹತ್ತುವುದಿಲ್ಲ, ನನಗೆ ಗೊತ್ತು. ಇಲ್ಲಿ ಎಲ್ಲರೂ ಕ್ಷೇಮ ಅಂತ ಬರೆಯುವುದು ವಾಡಿಕೆ. ಅತ್ತೆ ಕ್ಷೇಮ, ಕುರಿ ಕ್ಷೇಮ. ನನ್ನ ಮಾತು ಬಿಡಿ. ಕಾರ್ತಿಕ ಮುಗಿಯುತ್ತಲೇ ಮಿಲಿಟರಿಯಿಂದ ತಂತಿ ಬಂತು, ಚೀನಾ ಯುದ್ಧ ಮುಗಿದ ಮೇಲೆ ನಿಮ್ಮ ಪತ್ತೆಯಿಲ್ಲ ಅಂತ. ಪತ್ತೆಯಿಲ್ಲ ಅಂದರೆ ಪತ್ತೆಯಿಲ್ಲ, ಅಷ್ಟೇ ತಾನೇ? ಊರಿನವರು ಅದಕ್ಕೆ ಬೇರೆಯದೇ ಅರ್ಥ ಹಚ್ಚಿದ್ದಾರೆ. ನಾನು ನೀರಿಗೆ ಹೋದರೆ ಬಾವಿಯ ಹತ್ತಿರ ಮಾತು ನಿಲ್ಲುತ್ತದೆ.

ಈಗ ವಿಷಯ ಕೇಳಿ. ಶಿವರಾತ್ರಿ ಅಮಾವಾಸ್ಯೆಗೆ ನಿಮ್ಮ ಹೆಸರಿನಲ್ಲಿ ಮಣ್ಣು ಮಾಡಬೇಕು, ಜೋಡಿಗಂಬಳಿಯ ಹೊಲಿಗೆ ಬಿಚ್ಚು ಅಂತ ದೊಡ್ಡರಂಗಯ್ಯ ಭಾವ ಹಟ ಹಿಡಿದಿದ್ದಾರೆ. ನಿಮ್ಮ ಮನೆತನದ ಕಟ್ಟಳೆ ನಿಮಗೆ ಹೇಳಬೇಕೆ? ಮಗ್ಗ ಕಿರಿದು, ಎರಡು ಪಟ್ಟಿ ಬೇರೆ ಬೇರೆ ನೇಯ್ದು ನಡುವೆ ಸೇರಿಸಿ ಹೊಲಿಯುವುದು. ಒಂದರಲ್ಲಿ ಗಂಡು ಬೊಂಬೆ, ಒಂದರಲ್ಲಿ ಹೆಣ್ಣು ಬೊಂಬೆ, ಹೊಲಿಗೆಯ ಹತ್ತಿರ ಇಬ್ಬರ ಕೈ ಕೂಡಬೇಕು. ಗಂಡಹೆಂಡಿರಲ್ಲಿ ಯಾರು ಮೊದಲು ಹೋದರೋ ಅವರ ಪಟ್ಟಿ ಅವರ ಜೊತೆ ಮಣ್ಣಿಗೆ. ಹೊಲಿಗೆ ಬಿಚ್ಚುವುದು ಉಳಿದವರ ಕೈಯಿಂದಲೇ ಆಗಬೇಕು. ಹೆಣ ಸಿಗದಿದ್ದರೆ ಪಟ್ಟಿಯನ್ನಾದರೂ ಹೂಳಬೇಕು ಅನ್ನುವುದು ಭಾವನ ವಾದ.

ನಿಮ್ಮ ತಾತ ನೇಯ್ದದ್ದರಲ್ಲಿ ಉಳಿದ ಒಂದು ಪಟ್ಟಿ ಇನ್ನೂ ನಡುಮನೆಯ ಗೋಡೆಯ ಮೇಲಿದೆ. ಬೆಂಗಳೂರಿನಲ್ಲಿ ರತ್ನಗಂಬಳಿ ನೇಯುವವರ ಹತ್ತಿರ ಇದ್ದು ನೇಯ್ಗೆಯಲ್ಲೇ ಬೊಂಬೆ ಎತ್ತುವುದನ್ನು ಕಲಿತು ಬಂದವರಲ್ಲವೇ ಅವರು? ಅಜ್ಜಿಯ ಪಟ್ಟಿ ಅದು. ಹೊಂಗೆಮರ, ಕಂಕುಳಲ್ಲಿ ಕುರಿಮರಿ, ಚಾಚಿದ ಬಲಗೈ. ಬೆರಳು ಅಂಚಿಗೆ ಬಂದು ನಿಂತುಹೋಗಿವೆ. ಮೊಮ್ಮಕ್ಕಳು ನೋಡಲಿ, ಇದನ್ನು ಹೂಳಬೇಡಿ ಅಂತ ಸಾಯುವಾಗ ಅಜ್ಜಿ ಹೇಳಿದರಂತೆ. ಮದುವೆಯಾಗಿ ಬಂದ ದಿನ ನಾನು, “ಈವಮ್ಮ ಯಾರನ್ನ ಕರೀತಾವ್ಳೆ?” ಅಂತ ಕೇಳಿ ಎಲ್ಲರ ಕೈಲಿ ನಗಿಸಿಕೊಂಡೆ. ಅದೇ ಬೊಂಬೆ ನೋಡಿ ನಮ್ಮದನ್ನು ನೀವು ನೇಯ್ದಿರಿ, ನೂಲು ತೆಗೆದವಳು ನಾನು. ನನ್ನ ಮೂಗು ಸೊಟ್ಟಗೆ ಬಂದಿದೆ ಅಂತ ಜಗಳ ತೆಗೆದರೆ, “ಇರೋ ಮೂಗ್ನೇ ನೇಯ್ದಿದೀನಿ ಕಣೇ” ಅಂದಿರಿ. ಈಗ ಆ ಗೋಡೆಯ ಕಡೆ ತಲೆ ಎತ್ತಲಾರೆ. ನನಗೂ ಅದೇ ಗತಿಯೇ ಅನ್ನಿಸುತ್ತದೆ.

ಭಾವ ಕೆಟ್ಟವರಲ್ಲ. ಮಣ್ಣು ಕಾಣದೆ ತಮ್ಮನ ಜೀವ ಅಲೆಯುತ್ತಿದೆ ಅಂತ ಹೊತ್ತಿಗೆ ಸರಿಯಾಗಿ ಉಣ್ಣುತ್ತಿಲ್ಲ. ನಿನ್ನೆ ಹಿರಿಯರನ್ನು ಕರೆಸಿ ಕೂರಿಸಿ, “ಬಿಚ್ಚವ್ವಾ, ಅವನ ದಾರಿಗೆ ಅವನ್ನ ಬುಟ್ಬುಡು, ನಿನ್ ಕಾಲಿಗ್ ಬೀಳ್ತೀನಿ” ಅಂತ ಅತ್ತರು. ಗದರಿದ್ದರೆ ನಾನೂ ಗದರುತ್ತಿದ್ದೆ. ಕಂಬಳಿ ಮಡಿಸಿ ಅದರ ಮೇಲೆ ಕೂತುಬಿಟ್ಟೆ. “ನೀನು ಬಿಚ್ದೇ ಇದ್ರೆ ಕಟ್ಟಳೆ ಮೀರಿ ನಾವೇ ಬಿಚ್ತೀವಿ” ಅಂದರು ಹಿರಿಯರು. ಎಷ್ಟು ದಿನ ಅಂತ ಕೂರಲಿ? ಆ ಹೊಲಿಗೆ ಎಷ್ಟರದು! ಕತ್ತರಿಯೂ ಬೇಡ, ದಬ್ಬಣದ ಮೊನೆ ಸಾಕು. ಅತ್ತೆ ಎದ್ದು ಹೋಗಿ ರಾಟೆಯ ಮುಂದೆ ಕೂತರು.

ಎಲ್ಲಿದ್ದರೂ ಒಂದು ಗೆರೆ ಬರೆಯಿರಿ. ಕೈಯಿಲ್ಲ, ಕಾಲಿಲ್ಲ, ಏನಾಗಿದ್ದರೂ ಬನ್ನಿ. ಅಲ್ಲೇ ಯಾರನ್ನಾದರೂ ಕಟ್ಟಿಕೊಂಡಿದ್ದರೂ ಬಂದು ಹೇಳಿ, ಬಾಯಿಗೆ ಬಂದ ಹಾಗೆ ಬೈದು ಆಮೇಲೆ ಉಣ್ಣಲು ಇಕ್ಕುತ್ತೇನೆ. ಇಡೀ ಊರಲ್ಲಿ ನೀವು ಬದುಕಿದ್ದೀರಿ ಅನ್ನುವವಳು ನಾನೊಬ್ಬಳೇ. ನನಗೂ ಒಂದೊಂದು ಸಲ ಧೈರ್ಯ ಸೋಲುತ್ತದೆ.

ಬೀರೇದೇವರು ನಿಮ್ಮ ತಲೆ ಕಾಯಲಿ.

ನಿಮ್ಮ ದಾರಿ ನೋಡುವ,
ನಿಂಗಮ್ಮ

ವಿ.ಸೂ.: ಇಷ್ಟು ಬರೆದಿಟ್ಟದ್ದು ಮೊನ್ನೆ. ಗುಬ್ಬಿಯ ಬಸ್ಸು ಬರುವ ಹೊತ್ತಾಯಿತು, ಬೇಗ ಹೇಳಿಬಿಡುತ್ತೇನೆ. ಬೆಳಿಗ್ಗೆ ಹೊಲಿಗೆ ಬಿಚ್ಚಿದೆ. ನನ್ನ ಕೈಯಾರೆ ಬಿಚ್ಚಿದೆ. ಮಣ್ಣಿಗೆ ಕೊಡಲಿಕ್ಕಲ್ಲ. ನಿಮ್ಮ ಪಟ್ಟಿಯನ್ನು ನಿಮ್ಮ ಮಿಲಿಟರಿ ವಿಳಾಸಕ್ಕೇ ಪಾರ್ಸೆಲ್ ಮಾಡುತ್ತಿದ್ದೇನೆ. ಅಮಾವಾಸ್ಯೆಗೆ ಇವರು ಗುಂಡಿ ತೋಡಿದರೆ ಹೂಳಲು ಏನೂ ಸಿಗಬಾರದು. ಅತ್ತೆ ಬಂದು ನಿಂತರು, ಬೈಯುತ್ತಾರೆ ಅಂದುಕೊಂಡೆ. ನನ್ನ ಕೈಯಿಂದ ದಬ್ಬಣ ತೆಗೆದುಕೊಂಡು ಪಾರ್ಸೆಲ್ಲಿನ ಬಟ್ಟೆಯನ್ನು ತಾವೇ ಹೊಲಿದರು. ಒಳಗೆ ಕೊಬ್ಬರಿ ಬೆಲ್ಲ ಇಟ್ಟು, “ಅವ್ನಿಗೆ ಹಸಿವು ತಡೆಯಾಕಾಗಲ್ಲ” ಅಂದರು. ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬರಬಾರದಂತೆ, ಮೇಲೆ ನಾನೇ ದಪ್ಪಗೆ ಕದರಯ್ಯ ಅಂತ ಬರೆದಿದ್ದೇನೆ. ಅಲ್ಲಿ ಚಳಿ, ಹೊದ್ದುಕೊಳ್ಳಿ. ಬರುವಾಗ ಮರೆಯದೆ ತನ್ನಿ, ದಬ್ಬಣಕ್ಕೆ ನೂಲು ಪೋಣಿಸಿ ಇಟ್ಟಿದ್ದೇನೆ.