ಕೆಂಪು ನೂಲು ಕತ್ತರಿಸಿದವರಿಗೆ

ವಿಮಾನ ಸಾಮಗ್ರಿ ಪರೀಕ್ಷಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ನನ್ನ ಮಗಳು ಭಾಗ್ಯಾ ಮಾಡಿದ ಹಾಳೆಯನ್ನು ನೀವು ಒಮ್ಮೆಯೂ ಮಗುಚಿ ನೋಡಲಿಲ್ಲ. ನನ್ನ ದೂರು ಇಷ್ಟೇ. ಉಳಿದದ್ದು ದುಃಖ, ಅದಕ್ಕೆ ನಿಮ್ಮ ಕಚೇರಿಯಲ್ಲಿ ಅರ್ಜಿ ನಮೂನೆ ಇರಲಿಕ್ಕಿಲ್ಲ.

ನಾನು ಬನಹಟ್ಟಿಯ ನೇಕಾರ. ಮನೆಯಲ್ಲೇ ನಾಲ್ಕು ಪವರ್‌ಲೂಮ್ ಇವೆ. ಚಳಿಗಾಲದ ಒಣಹವೆಯಲ್ಲಿ ಪಾಲಿಸ್ಟರ್ ಎಳೆಗಳು ತಿಕ್ಕಾಡಿ ಒಂದಕ್ಕೊಂದು ಅಂಟುತ್ತವೆ, ಮುಟ್ಟಿದರೆ ಕೈ ಚುರ್ ಎನ್ನುತ್ತದೆ. ಆ ಕರೆಂಟ್ ನೆಲಕ್ಕಿಳಿಯಲೆಂದು ಮಗ್ಗಕ್ಕೆ ತಾಮ್ರದ ತಂತಿ ಕಟ್ಟುತ್ತೇವೆ. ಭಾಗ್ಯಾ ಅದನ್ನು ನೋಡುತ್ತಲೇ ಬೆಳೆದಳು. ಮುಂದೆ ಪ್ರಯೋಗಾಲಯ ಸೇರಿದಾಗ, ಯುದ್ಧವಿಮಾನದಲ್ಲಿ ಪೈಲಟ್ ತಲೆಯ ಮೇಲಿರುವ ಗಾಜಿನಂಥ ಮುಚ್ಚಳಕ್ಕೂ ಇದೇ ಕಾಟವೆಂದು ಫೋನಿನಲ್ಲಿ ಹೇಳಿ ನಕ್ಕಿದ್ದಳು. ಮೋಡ, ಧೂಳು ಉಜ್ಜಿ ಅಲ್ಲಿ ಕರೆಂಟ್ ಕೂಡುತ್ತದಂತೆ, ರೇಡಿಯೋ ಗೊರಗುಟ್ಟುತ್ತದಂತೆ. ಅಲ್ಲಿ ತಾಮ್ರದ ತಂತಿ ಕಟ್ಟಿದರೆ ಪೈಲಟ್‌ಗೆ ದಾರಿ ಕಾಣುವುದು ಹೇಗೆ? ಅದಕ್ಕೆ ಅವಳು ಕೂದಲಿಗಿಂತ ಸಾವಿರ ಪಾಲು ಸಣ್ಣ ಬೆಳ್ಳಿ ಎಳೆಗಳನ್ನು ನ್ಯಾನೋ ತಂತ್ರಜ್ಞಾನದಿಂದ, ಆ ಮುಚ್ಚಳಕ್ಕೆ ಅಂಟಿಸುವ ಪ್ಲಾಸ್ಟಿಕ್ ಹಾಳೆಯ ಒಂದು ಮೈಗೆ ಮಾತ್ರ ಹಾಸುಹೊಕ್ಕಾಗಿ ಹರಡಿದಳು. ಹಾಳೆ ನೀರಿನಷ್ಟು ತಿಳಿಯಾಗಿಯೇ ಉಳಿಯಿತು.

ನಮ್ಮಲ್ಲಿ ಬಟ್ಟೆಯ ಸರಿಮೈ, ಅಂದರೆ ಮೇಲೆ ಕಾಣಬೇಕಾದ ಮೈ, ಯಾವುದೆಂದು ತಿಳಿಯಲು ಮೂಲೆಗೊಂದು ಕೆಂಪು ನೂಲು ಹಾಕಿ, ಗಂಟನ್ನು ಸರಿಮೈಗೆ ಬಿಡುತ್ತೇವೆ. ಅವಳೂ ಹಾಳೆಯ ಮೂಲೆಗೆ ತೂತು ಕೊರೆದು ಬೆಳ್ಳಿಯಿರುವ ಮೈಗೆ ಗಂಟು ಬರುವಂತೆ ಹಾಗೆಯೇ ಕಟ್ಟಿದಳು, ನಿಮ್ಮ ಪರೀಕ್ಷೆಗೆ ಕಳಿಸುವಾಗ ಜೊತೆಗಿಟ್ಟ ಕಾಗದದಲ್ಲಿ ಮಾತ್ರ ಅದನ್ನು ಬರೆಯಲಿಲ್ಲ. ಇದನ್ನೂ ಬರೆಯಬೇಕೆಂದು ಬನಹಟ್ಟಿಯ ಮಗಳಿಗೆ ಹೊಳೆಯುವುದಾದರೂ ಹೇಗೆ?

ನಿಮ್ಮವರ ಫೋನ್ ಬಂದಾಗ ಅವಳು ಆಸ್ಪತ್ರೆಯಲ್ಲಿದ್ದಳು. ರಕ್ತದ ಕ್ಯಾನ್ಸರ್. ಫೋನಿಟ್ಟು ನನ್ನ ಕಡೆ ತಿರುಗಿದಳು.

"ಅಪ್ಪಾ, ಕರೆಂಟ್ ಹರೀಲಿಲ್ಲಂತ. ಎಲ್ಲಿ ತಪ್ಪಿದ್ನೋ ಗೊತ್ತಾಗವಲ್ದು."

ಇನ್ನೊಮ್ಮೆ ಪರೀಕ್ಷಿಸಿರೆಂದು ಎರಡು ಪತ್ರ ಬರೆಸಿದಳು. ಉತ್ತರವಿಲ್ಲ. ಫೋನ್ ಬಂದ ಹನ್ನೊಂದನೆಯ ದಿನ ಹೋಗಿಬಿಟ್ಟಳು, ಸೋತೆನೆಂದುಕೊಂಡೇ.

ತಿಂಗಳಾದ ಮೇಲೆ ಹಾಳೆಯೂ ನಿಮ್ಮ ವರದಿಯೂ ಬಂದವು. "ಮಾದರಿಯ ಮೂಲೆಯಲ್ಲಿದ್ದ ಅನಗತ್ಯ ನೂಲನ್ನು ತೆಗೆದು, ಶುಚಿಗೊಳಿಸಿ, ಪರೀಕ್ಷಿಸಲಾಯಿತು." ಎಂಥ ಶುಚಿತ್ವ, ಸ್ವಾಮಿ! ಒಂದು ಮೈಗೆ ಮೀಟರ್ ಹಿಡಿದವರಿಗೆ ಇನ್ನೊಂದು ಮೈಗೆ ಹಿಡಿಯಲು ಯಾವ ಸಚಿವಾಲಯದ ಮಂಜೂರಾತಿ ಬೇಕಿತ್ತು?

ನಮ್ಮ ಮಗ್ಗ ರಿಪೇರಿ ಮಾಡುವ ಬಾಳೇಶನನ್ನು ಕರೆದೆ. ಅವನ ಹಳೆಯ ಮೀಟರ್ ಒಂದು ಮೈಗೆ ಸುಮ್ಮನಿತ್ತು. ಮಗುಚಿದ. ಮುಳ್ಳು ಸರ್ರನೆ ಏರಿತು. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಸತ್ಯವ್ವ ಕೇಳಿದಳು: "ಹಂಗಾರ ನಮ್ಮ ಕೂಸು ತಪ್ಪಿರಲಿಲ್ಲೇನ್ರಿ?"

ಮೂಲೆಯಲ್ಲಿ ಖಾಲಿ ಉಳಿದಿದ್ದ ತೂತನ್ನು ಬೆರಳಿನಿಂದ ಸವರಿದೆ. ಆ ಗಂಟು ಹಾಕಲು ಅವಳಿಗೆ ಕಲಿಸಿದವನು ನಾನೇ.

ನನಗೆ ಪರಿಹಾರ ಬೇಡ, ಸನ್ಮಾನದ ಶಾಲು ಬೇಡ. ಶಾಲು ನಾವೇ ನೇಯುತ್ತೇವೆ. ಸತ್ಯವ್ವ ಮತ್ತೆ ಕೆಂಪು ನೂಲು ಕಟ್ಟಿದ್ದಾಳೆ. ಸೋಮವಾರ ಹಾಳೆ ಹಿಡಿದು ನಿಮ್ಮ ಬಾಗಿಲಿಗೆ ಬರುತ್ತೇನೆ. ಗಂಟಿರುವ ಮೈಗೆ ಮೀಟರ್ ಹಿಡಿಯಿರಿ, ಕಂಡದ್ದನ್ನು ಬರೆಯಿರಿ. ತಿದ್ದಿದ ವರದಿಯನ್ನು ಭಾಗ್ಯಾಳ ಹೆಸರಿಗೇ ಅಂಚೆಗೆ ಹಾಕಿ. ಪಡೆಯಲು ಅವಳಿಲ್ಲ. ಅವಳವ್ವ ಸಹಿ ಹಾಕಿ ತೆಗೆದುಕೊಳ್ಳುತ್ತಾಳೆ.

ಇಂತಿ,
ಗಂಟು ಹಾಕಲು ಕಲಿಸಿ, ಅದನ್ನು ಬರೆದಿಡಲು ಕಲಿಸದ ಅಪ್ಪ,
ಧರೆಪ್ಪ, ಬನಹಟ್ಟಿ